ಚಳಿಗಾಲದಲ್ಲಿ ವಾಹನದೊಳಗೆ ತೇವ ಕಟ್ಟುವುದು: ಕಾರಣ ಮತ್ತು ನಿವಾರಣೆ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ವಾಹನ ಮಾಲೀಕರು ಹಾಗೂ ಚಾಲಕರ ಮಾಹಿತಿಗಾಗಿ)

ಪೀಠಿಕೆ

ಕೋಲಾರ ಜಿಲ್ಲೆಯ ಬಹುಭಾಗವು ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲ್ಪಟ್ಟ ಬಯಲುಸೀಮೆಯ ಪ್ರಸ್ಥಭೂಮಿಯಲ್ಲಿದೆ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 26–27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೂ ಬೆಳಗಿನ ಜಾವಕ್ಕೆ 15 ಡಿಗ್ರಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಉದಕಮಂಡಲದಂತಹ ಎತ್ತರದ ಸ್ಥಳಗಳಲ್ಲಿ ಈ ದಿನಗಳಲ್ಲಿ ನೆಲದ ಮೇಲೆ ಹಿಮದ ಹರಳು ಕಟ್ಟುವುದುಂಟು. ಈ ಜಿಲ್ಲೆಯಲ್ಲಿ ಅಂತಹ ಚಳಿ ಇರುವುದಿಲ್ಲ. ಇಲ್ಲಿ ಎದುರಾಗುವುದು ಕಾವಳ, ಇಬ್ಬನಿ ಮತ್ತು ವಾಹನದ ಒಳಗಾಜಿನ ಮೇಲೆ ಕಟ್ಟುವ ತೇವ. ಶ್ರೀನಿವಾಸಪುರದ ರೈತರು ಮಾವಿನ ಹೂವಿಗೆ ಕೇಡೆಂದು ಅಂಜುವ ಅದೇ ಮಂಜು ರಸ್ತೆಯ ಮೇಲೆ ಚಾಲಕರ ದೃಷ್ಟಿಯನ್ನು ಕಟ್ಟಿಹಾಕುತ್ತದೆ.

ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಹೊತ್ತು ರಾತ್ರಿಯಿಡೀ ಸಾಗುವ ಲಾರಿಗಳು, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ನಸುಕಿನಲ್ಲೇ ಕಾರ್ಮಿಕರನ್ನು ಕರೆದೊಯ್ಯುವ ಬಸ್ಸುಗಳು, ವೈಕುಂಠ ಏಕಾದಶಿಯಂದು ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ ಹೊರಡುವ ಕುಟುಂಬಗಳ ಕಾರುಗಳು ಸಂಚರಿಸುವುದು ಇದೇ ಹೊತ್ತಿನಲ್ಲಿ. ಹೊರಗೆ ಮಂಜು, ಒಳಗೆ ಮಸುಕಾದ ಗಾಜು, ಎದುರಿಗೆ ಲಾರಿಯ ದೀಪ ಒಟ್ಟುಗೂಡಿದಾಗ ಚಾಲಕನಿಗೆ ರಸ್ತೆಯ ಅಂಚೇ ಕಾಣದಂತಾಗುತ್ತದೆ.

ತೇವ ಕಟ್ಟುವುದೇಕೆ?

ಗಾಳಿಯು ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಒಂದು ಘನ ಮೀಟರ್ ಗಾಳಿಯಲ್ಲಿ 25 ಡಿಗ್ರಿ ಉಷ್ಣಾಂಶದಲ್ಲಿ ಸುಮಾರು 23 ಗ್ರಾಂ ಆವಿ ನಿಲ್ಲಬಹುದಾದರೆ, 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ ಮಾತ್ರ ನಿಲ್ಲುತ್ತದೆ. ತಣ್ಣನೆಯ ಗಾಜಿಗೆ ತಗುಲಿದ ಗಾಳಿಯು ಹೆಚ್ಚುವರಿ ಆವಿಯನ್ನು ಹನಿಗಳಾಗಿ ಅಲ್ಲಿಯೇ ಬಿಟ್ಟುಬಿಡುತ್ತದೆ.

ಕುಳಿತಿರುವ ಮನುಷ್ಯನೊಬ್ಬನು ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರಾವಿಯನ್ನು ಹೊರಬಿಡುತ್ತಾನೆ. ಸಾಮಾನ್ಯ ಕಾರಿನೊಳಗೆ ಇರುವ ಗಾಳಿ ಸುಮಾರು 3 ಘನ ಮೀಟರ್ ಮಾತ್ರ. ಕಿಟಕಿಗಳನ್ನು ಮುಚ್ಚಿ ನಾಲ್ವರು ಕುಳಿತರೆ ಕೆಲವೇ ನಿಮಿಷಗಳಲ್ಲಿ ಗಾಜು ಮಸುಕಾಗುವುದು ಸಹಜ. ಒಬ್ಬರೇ ಕುಳಿತಿದ್ದರೂ ಗಾಜು ಬೇಗನೆ ಮಸುಕಾಗುತ್ತಿದ್ದಲ್ಲಿ ವಾಹನದೊಳಗೆ ಎಲ್ಲಿಯೋ ನೀರು ನಿಂತಿದೆ ಎಂದು ಶಂಕಿಸಬೇಕು.

ಚಾಲನೆಯ ವೇಳೆ ಮಾಡಬೇಕಾದುದು

ಮೊದಲು ತೇವವು ಗಾಜಿನ ಯಾವ ಬದಿಯಲ್ಲಿದೆ ಎಂದು ತಿಳಿಯುವುದು ಅಗತ್ಯ. ವೈಪರ್ ಒಮ್ಮೆ ಆಡಿದಾಗ ಮಸುಕು ಹೋದರೆ ಅದು ಹೊರಗಿನ ಇಬ್ಬನಿ. ಹೋಗದಿದ್ದರೆ ಅದು ಒಳಗಿನ ತೇವ. ಎರಡಕ್ಕೂ ಉಪಾಯ ಬೇರೆ ಬೇರೆ.

ಒಳಗಿನ ತೇವಕ್ಕೆ, ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು (ಕಾರಿನ ಚಿತ್ರದೊಳಗೆ ಸುತ್ತುಬಾಣದ ಗುರುತು) ಆರಿಸಿ, ಹೊರಗಾಳಿ ಬರುವಂತೆ ಮಾಡಿ, ಬ್ಲೋವರ್‌ನ ಗಾಳಿಯನ್ನು ಮುಂಭಾಗದ ಗಾಜಿನತ್ತ ತಿರುಗಿಸುವುದು. ಇದರ ಜೊತೆಗೆ ಏ.ಸಿ.ಯನ್ನು ಹಾಕಿ, ಉಷ್ಣಾಂಶದ ಗುಂಡಿಯನ್ನು ಬಿಸಿಯ ಕಡೆಗೆ ಇಡುವುದು. ಚಳಿಯಲ್ಲಿ ಏ.ಸಿ. ಏತಕ್ಕೆಂದು ಅನೇಕರು ಇದನ್ನು ಮಾಡುವುದಿಲ್ಲ. ಆದರೆ ಏ.ಸಿ.ಯ ತಣ್ಣನೆಯ ಸುರುಳಿಯು ಗಾಳಿಯ ನೀರಂಶವನ್ನು ಹಿಂಡಿ ಹೊರಹಾಕುತ್ತದೆ. ಕಾರಿನಡಿ ತೊಟ್ಟಿಕ್ಕುವ ನೀರು ಅದೇ. ಸಾಮಾನ್ಯ ಎಂಜಿನ್ ಕಾರುಗಳಲ್ಲಿ ಹೀಟರ್‌ನ ಬಿಸಿಯು ಎಂಜಿನ್ನಿನ ವ್ಯರ್ಥ ಶಾಖದಿಂದ ಬರುವುದಾದ್ದರಿಂದ ಅದಕ್ಕೆ ಬೇರೆ ಇಂಧನ ವೆಚ್ಚವಿಲ್ಲ. ಗಾಜು ತಿಳಿಯಾದ ಕೂಡಲೇ ಏ.ಸಿ.ಯನ್ನು ಆರಿಸಿ ಒಳಗಾಳಿ ಸುತ್ತಿಸಿದರೆ, ಸುರುಳಿಯ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಗಾಜು ಥಟ್ಟನೆ ಮಸುಕಾಗುವುದುಂಟು. ವೇಗದಲ್ಲಿ ಸಾಗುವಾಗ ಇದು ಅಪಾಯಕರ.

ಏ.ಸಿ. ಇಲ್ಲದ ವಾಹನಗಳಲ್ಲಿ ಎದುರುಬದುರಿನ ಎರಡು ಕಿಟಕಿಗಳನ್ನು ಒಂದೆರಡು ಬೆರಳಿನಷ್ಟು ತೆರೆದಿಡುವುದೇ ಮದ್ದು. ಚಳಿಯೆಂದು ಎಲ್ಲ ಕಿಟಕಿ ಮುಚ್ಚಿಸುವ ಕಾರ್ಮಿಕರ ಬಸ್ಸುಗಳಲ್ಲಿ ಇದನ್ನು ಚಾಲಕರು ಪ್ರಯಾಣಿಕರಿಗೆ ತಿಳಿಹೇಳುವುದು ಒಳ್ಳೆಯದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್‌ಗೆ ಏ.ಸಿ. ಕಡ್ಡಾಯಗೊಳಿಸಲಾಗಿದೆ, ರಸ್ತೆಯಲ್ಲಿರುವ ಹಳೆಯ ಲಾರಿಗಳಿಗೆ ಕಿಟಕಿಯೇ ಗತಿ.

ಅಂಗೈಯಿಂದ ಗಾಜು ಒರೆಸುವ ರೂಢಿಯನ್ನು ಬಿಡಬೇಕು. ಕೈಯ ಜಿಡ್ಡು ಗಾಜಿಗೆ ಅಂಟಿ, ಎದುರಿನ ದೀಪ ಬಿದ್ದಾಗ ಗೆರೆಗೆರೆಯಾಗಿ ಹೊಳೆಯುತ್ತದೆ. ಶುಭ್ರವಾದ ಹತ್ತಿಯ ಬಟ್ಟೆಯೊಂದನ್ನು ಕೈಗೆಟುಕುವಲ್ಲಿ ಇಟ್ಟಿರುವುದು, ಹಾಗೂ ವಾಹನವನ್ನು ನಿಲ್ಲಿಸಿಯೇ ಒರೆಸುವುದು.

ನೀರು ಬರುವ ದಾರಿಗಳು

ಈ ಭಾಗಕ್ಕೆ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಹಿಂಗಾರು ಮಳೆಯೂ ಬಂಗಾಳ ಕೊಲ್ಲಿಯ ಚಂಡಮಾರುತಗಳ ಮಳೆಯೂ ಬೀಳುತ್ತದೆ. ಆಗ ನೆನೆದ ನೆಲಹಾಸು ಮೇಲೆ ಒಣಗಿದಂತೆ ಕಂಡರೂ ಅದರಡಿಯ ದಪ್ಪ ಪದರವು ವಾರಗಟ್ಟಲೆ ಒದ್ದೆಯಾಗಿರುತ್ತದೆ. ಡಿಸೆಂಬರ್‌ನಲ್ಲಿ ಪ್ರತಿ ರಾತ್ರಿ ಗಾಜಿಗೇರುವ ತೇವಕ್ಕೆ ಬಹುಮಟ್ಟಿಗೆ ಇದೇ ಮೂಲ. ಮ್ಯಾಟನ್ನು ತೆಗೆದು, ನೆಲಹಾಸನ್ನು ಬೆರಳಿನಿಂದ ಅದುಮಿ ನೋಡುವುದು. ಒದ್ದೆಯಿದ್ದರೆ ಎತ್ತಿ ಬಿಸಿಲಿಗೆ ಹಾಕುವುದು.

ನೆಲವು ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಕಾರಣ ಹುಡುಕಬೇಕಾಗುತ್ತದೆ. ಬಾನೆಟ್ಟಿನ ಹಿಂಬದಿಯಲ್ಲಿ, ವೈಪರ್‌ಗಳ ಕೆಳಗಿರುವ ನೀರುಗಂಡಿಯಲ್ಲಿ ಹುಣಸೆ, ಹೊಂಗೆ ಮುಂತಾದ ಮರಗಳ ಎಲೆ ಕಟ್ಟಿಕೊಂಡರೆ ಮಳೆನೀರು ಒಳಕ್ಕೆ ತಿರುಗುತ್ತದೆ. ಬಾಗಿಲಿನ ತಳದ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿರಬಹುದು, ಬಾಗಿಲ ರಬ್ಬರ್ ಹರಿದಿರಬಹುದು. ಏ.ಸಿ.ಯ ನೀರಿನ ಕೊಳವೆ ಕಟ್ಟಿಕೊಂಡಿದ್ದರೆ ನೀರು ಮುಂದಿನ ಆಸನದ ಕಾಲ ಬಳಿ ನಿಲ್ಲುತ್ತದೆ. ಗಾಜಿನ ಮೇಲೆ ಅಂಟುವಂತಹ ಮಸುಕು ಹಾಗೂ ಸಿಹಿ ವಾಸನೆ ಕಂಡುಬಂದಲ್ಲಿ ಹೀಟರ್‌ನಿಂದ ಕೂಲೆಂಟ್ ಸೋರುತ್ತಿರುವ ಸಂಭವವಿದ್ದು, ಕೂಡಲೇ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು.

ರಾತ್ರಿ ನಿಲುಗಡೆ

ಒದ್ದೆ ಛತ್ರಿ, ಒದ್ದೆ ಗೋಣಿಚೀಲ, ತರಕಾರಿಯ ಕ್ರೇಟುಗಳನ್ನು ವಾಹನದೊಳಗೆ ಬಿಡಬಾರದು. ಬಯಲಿನಲ್ಲಿ ನಿಲ್ಲಿಸಿದ ವಾಹನದ ಗಾಜು ಆಕಾಶಕ್ಕೆ ಶಾಖವನ್ನು ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದರಿಂದ, ಸೂರಿನಡಿಯಲ್ಲಿ ಅಥವಾ ಗಾಜಿನ ಮೇಲೆ ಹೊದಿಕೆ ಹಾಕಿ ನಿಲ್ಲಿಸುವುದು ಉತ್ತಮ. ಒಣಗಿದ ಸಿಲಿಕಾ ಜೆಲ್ ಚೀಲಗಳು ಸ್ವಲ್ಪ ಸಹಾಯಕವಾದರೂ, ಒದ್ದೆ ನೆಲಹಾಸಿಗೆ ಅವು ಪರಿಹಾರವಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟ ನೋಂದಣಿ ಪತ್ರ, ವಿಮಾ ಪತ್ರಗಳಿಗೂ ಬೂಷ್ಟು ಹಿಡಿಯುತ್ತದೆ. ಡಿಜಿಲಾಕರ್‌ನಲ್ಲಿರುವ ದಾಖಲೆಗಳಿಗೆ 2018ರಿಂದ ಮಾನ್ಯತೆ ಇರುತ್ತದೆ.

ಗಾಜು ಬೆಚ್ಚಗಾಗಲೆಂದು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡುವುದನ್ನು ಎಂದಿಗೂ ಮಾಡತಕ್ಕದ್ದಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ, ಪ್ರಾಣಕ್ಕೆ ಎರವಾಗುತ್ತದೆ.

ಬೀಡಿಯ ಹೊಗೆಸೊಪ್ಪು, ಹೆಚ್ಚಿದ ಆಲೂಗಡ್ಡೆ ಅಥವಾ ಸಾಬೂನನ್ನು ಗಾಜಿಗೆ ಉಜ್ಜುವ ಹಳೆಯ ಪದ್ಧತಿಯಿಂದ ಹನಿಗಳು ಹರಡಿ ತಾತ್ಕಾಲಿಕವಾಗಿ ನೋಟ ಸಿಗುವುದು ನಿಜ. ಆದರೆ ಉಳಿದ ಪದರವನ್ನು ಚೆನ್ನಾಗಿ ಉಜ್ಜಿ ತೆಗೆಯದಿದ್ದಲ್ಲಿ ರಾತ್ರಿ ಎದುರಿನ ದೀಪ ಕಣ್ಣು ಕುಕ್ಕುತ್ತದೆ.

ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 100ರನ್ವಯ ಮುಂದಿನ ಹಾಗೂ ಹಿಂದಿನ ಗಾಜುಗಳ ಮೂಲಕ ಶೇ. 70ಕ್ಕೆ ಕಡಿಮೆಯಿಲ್ಲದಂತೆ, ಪಕ್ಕದ ಗಾಜುಗಳ ಮೂಲಕ ಶೇ. 50ಕ್ಕೆ ಕಡಿಮೆಯಿಲ್ಲದಂತೆ ಬೆಳಕು ಹಾಯಬೇಕು. ವೈಪರ್ ಸುಸ್ಥಿತಿಯಲ್ಲಿರತಕ್ಕದ್ದು.

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರದಿಂದ ಮುಳಬಾಗಿಲು, ನಂಗಲಿಯವರೆಗೆ ಸಾಗುವಾಗ ಗಾಜು ತಿಳಿಯಾಗದಿದ್ದಲ್ಲಿ, ವೇಗ ತಗ್ಗಿಸಿ, ರಸ್ತೆಯಿಂದ ಪೂರ್ಣ ಹೊರಕ್ಕೆ, ಸಾಧ್ಯವಾದರೆ ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಆವರಣದಲ್ಲಿ ನಿಲ್ಲಿಸಬೇಕು. ಓಡುಪಥದಲ್ಲಿ ನಿಲ್ಲಿಸಕೂಡದು. ತುರ್ತು ಸಂದರ್ಭದಲ್ಲಿ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ ಮಾಡಬಹುದಾಗಿದೆ.