ಗುಣಮಟ್ಟದ ಕಾಫಿ ಬೀಜ: ಮೂಲ, ಸಂಸ್ಕರಣೆ ಮತ್ತು ಆಯ್ಕೆಯ ಕ್ರಮ

ಕಾಫಿ ಬೀಜದ ಗುಣಮಟ್ಟವು ತಳಿ, ಬೆಳೆಯುವ ಪ್ರದೇಶದ ಎತ್ತರ, ಕೊಯ್ಲಿನ ಹದ ಹಾಗೂ ಸಂಸ್ಕರಣೆ ಎಂಬ ನಾಲ್ಕು ಅಂಶಗಳನ್ನು ಮುಖ್ಯವಾಗಿ ಅವಲಂಬಿಸಿದೆ. ಮೊದಲ ಎರಡು ಅಂಶಗಳು ಗಿಡ ನೆಡುವಾಗಲೇ ನಿರ್ಧಾರವಾಗುತ್ತವೆ. ಉಳಿದ ಎರಡು ಪ್ರತಿ ಹಂಗಾಮಿನಲ್ಲಿಯೂ ಬೆಳೆಗಾರರ ಕೈಯಲ್ಲಿರುತ್ತವೆ. ವರ್ಷವಿಡೀ ಶ್ರಮಪಟ್ಟು ಬೆಳೆದ ಫಸಲು ಕೊಯ್ಲಿನ ನಂತರದ ಎರಡು ವಾರಗಳಲ್ಲಿ ತೋರುವ ಅಲಕ್ಷ್ಯದಿಂದ ಕೆಳದರ್ಜೆಗೆ ಇಳಿಯಬಹುದು. ಹೀಗೆ ಕೆಟ್ಟ ಬೀಜವನ್ನು ಹುರಿಯುವ ಹಂತದಲ್ಲಿ ಸರಿಪಡಿಸಲು ಸಾಧ್ಯವಿಲ್ಲ.

ಬೀಜದ ಮೂಲ

ವಾಣಿಜ್ಯವಾಗಿ ಬೆಳೆಯುವ ಕಾಫಿಯಲ್ಲಿ ಅರೇಬಿಕಾ ಮತ್ತು ರೋಬಸ್ಟಾ ಎಂಬ ಎರಡು ಪ್ರಭೇದಗಳು ಪ್ರಮುಖವಾದವು. ಅರೇಬಿಕಾದ ಮೂಲ ನೆಲೆ ಇಥಿಯೋಪಿಯಾದ ಎತ್ತರದ ಕಾಡುಗಳು. ರೋಬಸ್ಟಾದ ಮೂಲ ಮಧ್ಯ ಮತ್ತು ಪಶ್ಚಿಮ ಆಫ್ರಿಕಾ. ಇಂದು ಅರೇಬಿಕಾ ಉತ್ಪಾದನೆಯಲ್ಲಿ ಬ್ರೆಜಿಲ್ ಹಾಗೂ ರೋಬಸ್ಟಾ ಉತ್ಪಾದನೆಯಲ್ಲಿ ವಿಯೆಟ್ನಾಂ ಮುಂಚೂಣಿಯಲ್ಲಿವೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ನೆಟ್ಟರೆಂಬುದು ಪ್ರತೀತಿ.

ದೇಶದ ಒಟ್ಟು ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಕರ್ನಾಟಕವೇ ಉತ್ಪಾದಿಸುತ್ತದೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಪ್ರಮುಖ ಜಿಲ್ಲೆಗಳು. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ.

ಪ್ರದೇಶ ಮತ್ತು ತಳಿ

ಅರೇಬಿಕಾ ಸಮುದ್ರಮಟ್ಟದಿಂದ 1000ರಿಂದ 1500 ಮೀಟರ್ ಎತ್ತರದ, 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವುಳ್ಳ ಪ್ರದೇಶಗಳಿಗೆ ಸೂಕ್ತ. ರೋಬಸ್ಟಾ 500ರಿಂದ 1000 ಮೀಟರ್ ಎತ್ತರದಲ್ಲಿ, 20ರಿಂದ 30 ಡಿಗ್ರಿ ಉಷ್ಣಾಂಶದಲ್ಲಿ ಚೆನ್ನಾಗಿ ಬರುತ್ತದೆ. ತಂಪಾದ ಎತ್ತರದ ಜಾಗದಲ್ಲಿ, ಹದವಾದ ನೆರಳಿನಡಿ ಹಣ್ಣು ನಿಧಾನವಾಗಿ ಮಾಗುವುದರಿಂದ ಬೀಜ ಗಟ್ಟಿಯಾಗಿ, ಸುವಾಸನೆ ಹೆಚ್ಚಾಗಿರುತ್ತದೆ.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರೇಬಿಕಾದ ಎಸ್.795, ಸೆಲೆಕ್ಷನ್ 9 ಮತ್ತು ಚಂದ್ರಗಿರಿ, ರೋಬಸ್ಟಾದ ಎಸ್.274 ಹಾಗೂ ಸಿ×ಆರ್ ಬೆಳೆಗಾರರಿಗೆ ಪರಿಚಿತವಾದವು. ಹೊಸದಾಗಿ ನೆಡುವವರು ಸ್ಥಳದ ಎತ್ತರ, ಎಲೆ ತುಕ್ಕು ರೋಗ ಮತ್ತು ಬಿಳಿ ಕಾಂಡಕೊರಕದ ಬಾಧೆಯನ್ನು ಗಮನದಲ್ಲಿರಿಸಿಕೊಂಡು ತಳಿಯನ್ನು ಆರಿಸಬೇಕು.

ಕೊಯ್ಲು

ಅರೇಬಿಕಾ ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕೊಯ್ಲಿಗೆ ಬರುತ್ತದೆ. ಹಣ್ಣನ್ನು ಬೆರಳುಗಳ ನಡುವೆ ಒತ್ತಿದಾಗ ಬೀಜ ಸುಲಭವಾಗಿ ಹೊರಬಂದರೆ ಅದು ಸರಿಯಾದ ಹದ. ಒಂದೇ ಗಿಡದ ಹಣ್ಣುಗಳೆಲ್ಲ ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಹಲವು ಸುತ್ತುಗಳಲ್ಲಿ ಕೊಯ್ಯುವುದು ಅವಶ್ಯ. ಕೂಲಿಯಾಳುಗಳ ಕೊರತೆಯಿಂದ ಒಂದೇ ಬಾರಿಗೆ ಕೊಯ್ಯಬೇಕಾಗಿ ಬಂದಲ್ಲಿ, ಹಸಿರು ಕಾಯಿ, ಅತಿಯಾಗಿ ಮಾಗಿದ ಹಣ್ಣು ಮತ್ತು ನೆಲಕ್ಕೆ ಬಿದ್ದ ಹಣ್ಣುಗಳನ್ನು ಬೇರ್ಪಡಿಸಿ ಪ್ರತ್ಯೇಕವಾಗಿ ಒಣಗಿಸಬೇಕು. ನೆಲದ ಮೇಲೆ ಚೀಲ ಅಥವಾ ಹಾಳೆ ಹಾಸಿ ಕೊಯ್ಯುವುದರಿಂದ ಬಿದ್ದ ಹಣ್ಣುಗಳ ಮೂಲಕ ಹರಡುವ ಕಾಯಿಕೊರಕದ ಬಾಧೆಯೂ ಕಡಿಮೆಯಾಗುತ್ತದೆ.

ಸಂಸ್ಕರಣೆ ಮತ್ತು ಒಣಗಿಸುವಿಕೆ

ಪಾರ್ಚ್‌ಮೆಂಟ್ (ತೊಳೆದ ಕಾಫಿ): ಕೊಯ್ದ ದಿನವೇ ಹಣ್ಣನ್ನು ಪಲ್ಪಿಂಗ್ ಮಾಡಬೇಕು. ರಾಶಿಯಲ್ಲಿಯೇ ರಾತ್ರಿ ಕಳೆದ ಹಣ್ಣು ಬಿಸಿಯೇರಿ ಹುಳಿವಾಸನೆ ಹಿಡಿಯುತ್ತದೆ. ಬೀಜಕ್ಕೆ ಗಾಯವಾಗದಂತೆ ಪಲ್ಪರನ್ನು ಹಣ್ಣಿನ ಗಾತ್ರಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಅರೇಬಿಕಾದ ಲೋಳೆ ಕರಗಲು ಸಾಮಾನ್ಯವಾಗಿ 24ರಿಂದ 36 ಗಂಟೆ ಹುದುಗುವಿಕೆ ಬೇಕಾಗುತ್ತದೆ. ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಉಜ್ಜಿದಾಗ ಜಾರದೆ, ಸಣ್ಣ ಜಲ್ಲಿಯಂತೆ ಒರಟಾಗಿ ಅನಿಸಿದರೆ ಹುದುಗುವಿಕೆ ಪೂರ್ಣಗೊಂಡಿದೆ ಎಂದು ತಿಳಿಯಬೇಕು. ಕೂಡಲೇ ಶುದ್ಧ ನೀರಿನಿಂದ ತೊಳೆದು, ನೀರು ಬಸಿದು, ತೆಳುವಾಗಿ ಹರಡಿ ಒಣಗಿಸಬೇಕು. ಪಲ್ಪಿಂಗ್ ಮಾಡಿದ ನೀರನ್ನು ಹಳ್ಳ, ಕೆರೆಗಳಿಗೆ ಬಿಡಬಾರದು.

ಚೆರಿ (ಹಣ್ಣಿನೊಂದಿಗೆ ಒಣಗಿಸಿದ ಕಾಫಿ): ಸಿಮೆಂಟ್ ಅಥವಾ ಹೆಂಚಿನ ಕಣದಲ್ಲಿ ಸುಮಾರು 8 ಸೆಂ.ಮೀ. ದಪ್ಪಕ್ಕೆ ಮೀರದಂತೆ ಹರಡಿ, ಆಗಾಗ್ಗೆ ತಿರುವಿ ಹಾಕಬೇಕು. ಉತ್ತಮ ಬಿಸಿಲಿನಲ್ಲಿ 12ರಿಂದ 15 ದಿನಗಳು ಬೇಕಾಗುತ್ತವೆ. ಚೆನ್ನಾಗಿ ಒಣಗಿದ ಹಣ್ಣು ಅಲುಗಾಡಿಸಿದಾಗ ಗಲಗಲ ಸದ್ದು ಮಾಡುತ್ತದೆ. ಮಣ್ಣಿನ ಕಣದಲ್ಲಿ ಒಣಗಿಸಿದರೆ ಬೀಜಕ್ಕೆ ಮಣ್ಣಿನ ವಾಸನೆ ಅಂಟಿಕೊಳ್ಳುತ್ತದೆ.

ಇಬ್ಬನಿ ಹಾಗೂ ಅಕಾಲಿಕ ಮಳೆಯಿಂದ ರಕ್ಷಿಸಲು ಸಂಜೆ ರಾಶಿ ಮಾಡಿ ಹೊದಿಕೆ ಹಾಕಬೇಕು. ಒಮ್ಮೆ ಒಣಗಿದ ಕಾಫಿ ಮತ್ತೆ ನೆನೆದರೆ ಬೂಷ್ಟು ಬೆಳೆದು, ಓಕ್ರಾಟಾಕ್ಸಿನ್ ಎಂಬ ವಿಷಾಂಶ ಉಂಟಾಗುವ ಅಪಾಯವಿದೆ. ಅಂತಿಮ ತೇವಾಂಶವು ಪಾರ್ಚ್‌ಮೆಂಟ್‌ನಲ್ಲಿ ಶೇ. 10, ಅರೇಬಿಕಾ ಚೆರಿಯಲ್ಲಿ ಶೇ. 10.5 ಹಾಗೂ ರೋಬಸ್ಟಾ ಚೆರಿಯಲ್ಲಿ ಶೇ. 11 ಇರಬೇಕು.

ದರ್ಜೆಗಳು

ಕ್ಲೀನ್ ಕಾಫಿಯನ್ನು ಜರಡಿಯ ಮೂಲಕ ಗಾತ್ರಕ್ಕನುಗುಣವಾಗಿ ವಿಂಗಡಿಸಲಾಗುತ್ತದೆ. 7.10 ಮಿ.ಮೀ. ರಂಧ್ರದ ಜರಡಿಯ ಮೇಲೆ ನಿಲ್ಲುವುದು ಎಎ ದರ್ಜೆ, 6.65 ಮಿ.ಮೀ. ಜರಡಿಯ ಮೇಲೆ ನಿಲ್ಲುವುದು ಎ ದರ್ಜೆ. ಹಣ್ಣಿನೊಳಗೆ ಒಂದೇ ಬೀಜ ಬೆಳೆದು ದುಂಡಗಾದುದನ್ನು ಪೀಬೆರಿ ಎಂದು ಪ್ರತ್ಯೇಕಿಸಲಾಗುತ್ತದೆ. ಗಾತ್ರವೊಂದರಿಂದಲೇ ರುಚಿ ನಿರ್ಧಾರವಾಗುವುದಿಲ್ಲ. ಗಾತ್ರ ಸಮನಾಗಿದ್ದರೆ ಬೀಜ ಸಮನಾಗಿ ಹುರಿಯಲ್ಪಡುತ್ತದೆ ಎಂಬುದೇ ವಿಂಗಡಣೆಯ ಮುಖ್ಯ ಪ್ರಯೋಜನ.

ಬೀಜವನ್ನು ಪರೀಕ್ಷಿಸುವ ಕ್ರಮ

ಮಾರಾಟಕ್ಕೆ ಮುನ್ನ ಬೆಳೆಗಾರರು, ಹಾಗೂ ಹುರಿದು ಪುಡಿ ಮಾಡಿ ಮಾರುವ ಸ್ವಸಹಾಯ ಗುಂಪುಗಳು ಖರೀದಿಗೆ ಮುನ್ನ ಈ ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು.

1. ಮಾದರಿ: ಚೀಲಗಳ ಮೇಲ್ಭಾಗ, ಮಧ್ಯ ಮತ್ತು ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಬೇಕು. ಮೇಲ್ಭಾಗದ ಮಾದರಿಯೊಂದನ್ನೇ ನಂಬಬಾರದು.

2. ಬಣ್ಣ ಮತ್ತು ವಾಸನೆ: ತೊಳೆದ ಅರೇಬಿಕಾ ನೀಲಿಮಿಶ್ರಿತ ಹಸಿರು ಅಥವಾ ಬೂದುಮಿಶ್ರಿತ ಹಸಿರಾಗಿರುತ್ತದೆ. ಮಾಸಲು ಬಿಳುಪು ಹಳೆಯ ದಾಸ್ತಾನಿನ ಅಥವಾ ತೇವ ಹೀರಿದ ಬೀಜದ ಲಕ್ಷಣ. ಹುಳಿ, ಬೂಷ್ಟು ಅಥವಾ ಹೊಗೆಯ ವಾಸನೆಯಿದ್ದಲ್ಲಿ ತಿರಸ್ಕರಿಸಬೇಕು.

3. ದೋಷದ ಲೆಕ್ಕ: 100 ಗ್ರಾಂ ಕ್ಲೀನ್ ಕಾಫಿಯಿಂದ ಕಪ್ಪು, ಒಡೆದ, ಕೊರಕ ತಿಂದ, ಬಲಿಯದ ಮತ್ತು ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ತೂಗಬೇಕು. ದೋಷಯುಕ್ತ ಬೀಜ 8 ಗ್ರಾಂ ಇದ್ದರೆ, 50 ಕೆ.ಜಿ. ಚೀಲದಲ್ಲಿ 4 ಕೆ.ಜಿ. ದೋಷವಿದೆ ಎಂದರ್ಥ.

4. ಔಟ್‌ಟರ್ನ್: 500 ಗ್ರಾಂ ಒಣ ಚೆರಿಯ ಸಿಪ್ಪೆ ಬಿಡಿಸಿ ಬೀಜವನ್ನು ತೂಗಬೇಕು. 270 ಗ್ರಾಂ ಬೀಜ ದೊರೆತರೆ 50 ಕೆ.ಜಿ. ಚೀಲಕ್ಕೆ 27 ಕೆ.ಜಿ. ಔಟ್‌ಟರ್ನ್ ಆಗುತ್ತದೆ. ವ್ಯಾಪಾರಿಯ ಲೆಕ್ಕದಲ್ಲಿ ಚೀಲಕ್ಕೆ 1 ಕೆ.ಜಿ. ಕಡಿಮೆಯಾದರೂ 100 ಚೀಲಗಳಿಗೆ 100 ಕೆ.ಜಿ. ಕಾಫಿಯ ಹಣ ನಷ್ಟವಾಗುತ್ತದೆ. ಆದುದರಿಂದ ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿಕೊಂಡು ಮಾರುಕಟ್ಟೆಗೆ ಹೋಗುವುದು ಲೇಸು.

5. ರುಚಿ: ಸ್ವಲ್ಪ ಬೀಜವನ್ನು ಹದವಾಗಿ ಹುರಿದು, ಪುಡಿ ಮಾಡಿ, ಹಾಲು ಸಕ್ಕರೆ ಬೆರೆಸದೆ ಸವಿಯಬೇಕು. ಅನೇಕ ದೋಷಗಳು ಕಣ್ಣಿಗೆ ಕಾಣದೆ ನಾಲಿಗೆಗೆ ತಿಳಿಯುತ್ತವೆ.

ಕಾಫಿ-ಚಿಕೋರಿ ಮಿಶ್ರಣ ತಯಾರಿಸುವವರು ಅದರಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರುವಂತೆ ನೋಡಿಕೊಂಡು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು.

ದಾಸ್ತಾನು

ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ರಸಗೊಬ್ಬರ, ಕೀಟನಾಶಕ, ಕಾಳುಮೆಣಸು ಮತ್ತು ಏಲಕ್ಕಿಯ ಜೊತೆಯಲ್ಲಿ ಇಡಬಾರದು. ಸ್ವಚ್ಛವಾದ ಗೋಣಿಚೀಲಗಳಲ್ಲಿ ತುಂಬಿ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಬೇಕು. ಮಳೆಗಾಲದಲ್ಲಿ ತೇವಾಂಶವನ್ನು ಆಗಾಗ್ಗೆ ಪರೀಕ್ಷಿಸುವುದು ಅವಶ್ಯ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಕೊಯ್ಲಿಗೆ ಒಂದು ತಿಂಗಳು ಮುಂಚಿತವಾಗಿಯೇ ಕಣ, ಹೊದಿಕೆ ಮತ್ತು ಪಲ್ಪರ್‌ಗಳ ಸಿದ್ಧತೆಯ ಬಗ್ಗೆ ಗ್ರಾಮಮಟ್ಟದಲ್ಲಿ ಮಾಹಿತಿ ನೀಡಬೇಕು. ಔಟ್‌ಟರ್ನ್ ಮತ್ತು ದೋಷದ ಲೆಕ್ಕವನ್ನು ಬೆಳೆಗಾರರ ಸ್ವಂತ ಕಾಫಿಯಲ್ಲಿಯೇ ಮಾಡಿ ತೋರಿಸುವುದು ಪರಿಣಾಮಕಾರಿ. ಸಣ್ಣ ಬೆಳೆಗಾರರು ಒಟ್ಟುಗೂಡಿ ಒಂದು ತೇವಾಂಶ ಮಾಪಕವನ್ನು ಕೊಂಡು ಬಳಸುವಂತೆ ಪ್ರೋತ್ಸಾಹಿಸಬೇಕು. ತನ್ನ ಬೀಜದ ದರ್ಜೆಯನ್ನು ಅರಿತ ಬೆಳೆಗಾರನಿಗೆ ನ್ಯಾಯವಾದ ಬೆಲೆಯನ್ನು ಕೇಳಿ ಪಡೆಯುವುದು ಸುಲಭವಾಗುತ್ತದೆ.