ಫಿರೋಜಾ ಗಣಿಯ ಅಕ್ಷರಗಳು

ಆಕಾಶದ ಬಣ್ಣದ, ಬೆಳಕು ಹಾಯದ ಕಲ್ಲು ಕೂರಿಸಿದ ಉಂಗುರವನ್ನು ನೀವು ನೋಡಿರಬಹುದು. ಆ ಕಲ್ಲೇ ಫಿರೋಜಾ, ಇಂಗ್ಲಿಷಿನಲ್ಲಿ ಟರ್ಕಾಯ್ಸ್. 'ತುರ್ಕಿಯ ಕಲ್ಲು' ಎಂಬ ಫ್ರೆಂಚ್ ಮಾತಿನಿಂದ ಈ ಹೆಸರು ಬಂದಿದೆ. ಆದರೆ ಕಲ್ಲು ತುರ್ಕಿಯದಲ್ಲ. ಇರಾನಿನ ನಿಶಾಪುರದ ಬಳಿ ಅಗೆದದ್ದು ತುರ್ಕಿಯ ಮಾರ್ಗವಾಗಿ ಯೂರೋಪನ್ನು ಮುಟ್ಟುತ್ತಿತ್ತು, ಅಷ್ಟೆ.

ರಸಾಯನಶಾಸ್ತ್ರದ ಪ್ರಕಾರ ಇದು ತಾಮ್ರ ಮತ್ತು ಅಲ್ಯೂಮಿನಿಯಂಗಳ ಫಾಸ್ಫೇಟ್; ರಚನೆಯಲ್ಲಿ ನೀರಿನ ಅಣುಗಳೂ ಸೇರಿವೆ. ನೀಲಿಗೆ ಕಾರಣ ತಾಮ್ರ; ಕಬ್ಬಿಣ ಬೆರೆತರೆ ಹಸಿರು. ಮೋಸ್ ಮಾಪಕದಲ್ಲಿ ವಜ್ರದ ಗಡಸುತನ 10, ಇದರದು 5ರಿಂದ 6. ಸೂಕ್ಷ್ಮ ರಂಧ್ರಗಳಿರುವುದರಿಂದ ಬೆವರು, ಎಣ್ಣೆ, ಅತ್ತರುಗಳನ್ನು ಹೀರಿ ಬಣ್ಣಗೆಡುತ್ತದೆ. ಹೆಚ್ಚು ಕಾದರೂ ಕೆಡುತ್ತದೆ.

ಈ ಕೊನೆಯ ಗುಣ ಪ್ರಾಚೀನ ಈಜಿಪ್ಟಿನವರಿಗೂ ಚಿಂತೆ ತಂದಿತ್ತು. ಅವರ ಫಿರೋಜಾ ಗಣಿಗಳಿದ್ದುದು ಸಿನಾಯ್ ಮರುಭೂಮಿಯ ಸೆರಾಬಿಟ್ ಎಲ್ ಖಾದಿಮ್‌ನಲ್ಲಿ. ಅಲ್ಲಿನ ದೇವತೆ ಹಾಥೋರ್. 'ಫಿರೋಜಾದ ಒಡತಿ' ಎಂದೇ ಅವಳ ಬಿರುದು. ಕ್ರಿ.ಪೂ. 19ನೆಯ ಶತಮಾನದಲ್ಲಿ, ದೊರೆ 3ನೆಯ ಅಮೆನೆಮ್ಹಾತ್‌ನ ಕಾಲದಲ್ಲಿ, ಹೋರುರ್ರೆ ಎಂಬ ಅಧಿಕಾರಿ ಬಿರುಬೇಸಿಗೆಯಲ್ಲಿ ತಂಡ ಕಟ್ಟಿಕೊಂಡು ಅಲ್ಲಿಗೆ ಹೋದ. ಬಿಸಿಲಿಗೆ ಬೆಟ್ಟವೇ ಕಾದಿದೆ, ಬೇಸಿಗೆಯಲ್ಲಿ ಕಲ್ಲಿನ ಬಣ್ಣ ನಿಲ್ಲುವುದಿಲ್ಲ ಎಂಬ ಅಳಲನ್ನೂ, ಆದರೂ ದೇವಿಯ ದಯೆಯಿಂದ ಕೆಲಸ ಕೈಗೂಡಿತೆಂಬುದನ್ನೂ ಶಿಲೆಯಲ್ಲಿ ಕೆತ್ತಿಸಿದ. (ಸರ್ಕಾರಿ ವರದಿಯ ಧಾಟಿ ಅಂದಿಗೂ ಹೀಗೆಯೇ!)

ಆದರೆ ಈ ಗಣಿಗಳ ನಿಜವಾದ ಸಂಪತ್ತು ಕಲ್ಲಲ್ಲ ಎಂದು ನನಗನಿಸುತ್ತದೆ. 1905ರಲ್ಲಿ ಉತ್ಖನನ ನಡೆಸಿದ ಫ್ಲಿಂಡರ್ಸ್ ಪೆಟ್ರಿಗೆ ಅಲ್ಲಿ ಒರಟಾಗಿ ಗೀಚಿದ ಕೆಲವು ಬರಹಗಳು ಕಂಡವು. ಈಜಿಪ್ಟಿನ ಚಿತ್ರಲಿಪಿಯಲ್ಲಿ ನೂರಾರು ಚಿಹ್ನೆಗಳು; ಇಲ್ಲಿ ಬೆರಳೆಣಿಕೆಗೆ ತುಸು ಮೇಲೆ. 1916ರಲ್ಲಿ ಅಲನ್ ಗಾರ್ಡಿನರ್ ಇದರ ಗುಟ್ಟು ಬಿಡಿಸಿದರು. ಬರೆದವರು ಸೆಮಿಟಿಕ್ ಭಾಷೆಯಾಡುವ ಜನ. ಅವರ ಮಾತಿನಲ್ಲಿ ಮನೆಗೆ 'ಬೇತ್'. ಆದ್ದರಿಂದ ಮನೆಯ ಚಿತ್ರ ಬರೆದರೆ ಬರಿಯ 'ಬ್' ಧ್ವನಿ. ಹೀಗೆ ಕೂಡಿಸಿ ಓದಿದಾಗ ಮತ್ತೆ ಮತ್ತೆ ಬಂದ ಪದ 'ಬಾಲತ್', ಅಂದರೆ ಒಡತಿ. ಅದೇ ಹಾಥೋರ್!

ಇಂತಹ ಬರಹದಿಂದಲೇ ಫಿನೀಷಿಯನ್ ಲಿಪಿ, ಅದರಿಂದ ಒಂದು ಕಡೆ ಗ್ರೀಕ್ ಮತ್ತು ರೋಮನ್, ಇನ್ನೊಂದು ಕಡೆ ಅರಾಮಿಕ್ ಬೆಳೆದವು. ನೀವೀಗ ಓದುತ್ತಿರುವ ಕನ್ನಡ ಲಿಪಿಯ ತಾಯಿ ಬ್ರಾಹ್ಮಿ. ಬ್ರಾಹ್ಮಿಗೆ ಅರಾಮಿಕ್ ಪ್ರೇರಣೆ ಎಂಬುದು ಅನೇಕ ವಿದ್ವಾಂಸರ ಮತ, ಒಪ್ಪದವರೂ ಇದ್ದಾರೆ. ಗಾರ್ಡಿನರ್ 'ಬಾಲತ್' ಎಂದು ಓದಿದ ಪುಟ್ಟ ಮರಳುಗಲ್ಲಿನ ಸ್ಫಿಂಕ್ಸ್ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.