ವೆಬ್ ಸೇವೆಗಳಲ್ಲಿ ಸಂಯುಕ್ತ ದತ್ತಾಂಶದ ನಿರ್ವಹಣೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಅರ್ಜಿ ಸ್ವೀಕರಿಸುವ ತಂತ್ರಾಂಶವು ಅಗತ್ಯ ವಿವರಗಳನ್ನು ಮತ್ತೊಂದು ಇಲಾಖೆಯ ಗಣಕಯಂತ್ರದಿಂದ ನೇರವಾಗಿ ಕೇಳಿ ಪಡೆಯುವ ವ್ಯವಸ್ಥೆಯನ್ನು ‘ವೆಬ್ ಸೇವೆ’ ಎನ್ನಲಾಗುತ್ತದೆ. ಇದರಿಂದ ಅರ್ಜಿದಾರರು ಅದೇ ದಾಖಲೆಗಾಗಿ ಹಲವು ಕಛೇರಿಗಳಿಗೆ ಅಲೆಯುವುದು ತಪ್ಪುತ್ತದೆ. ಆದರೆ ವಿವರಗಳು ಸಾಗುವಾಗ ಅವುಗಳ ರಚನೆ ಕೆಟ್ಟರೆ, ಮೂಲ ದಾಖಲೆ ಸರಿಯಿದ್ದರೂ ಅರ್ಜಿಯಲ್ಲಿ ತಪ್ಪು ಮೂಡುವುದು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ 2000ನೇ ಇಸವಿಯ ಸುಮಾರಿಗೆ ಗಣಕೀಕೃತಗೊಂಡ ಪಹಣಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

2. ಸರಳ ಮತ್ತು ಸಂಯುಕ್ತ ದತ್ತಾಂಶ

ಆರು ಅಂಕಿಗಳ ಪಿನ್ ಕೋಡ್ ಒಂದೇ ಮೌಲ್ಯವಾಗಿದ್ದು, ಸರಳ ದತ್ತಾಂಶವೆನಿಸುತ್ತದೆ. ಪಹಣಿಯು ಹಾಗಲ್ಲ. ಅದರಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನೋಕ್ ಮತ್ತು ಹಿಸ್ಸಾ ಎಂಬ ಭಾಗಗಳಿವೆ. ವಿಸ್ತೀರ್ಣದೊಳಗೆ ಎಕರೆ ಮತ್ತು ಗುಂಟೆಗಳಿವೆ. 9ನೇ ಕಾಲಂನಲ್ಲಿ ಒಬ್ಬರು ಅಥವಾ ಹಲವರು ಸ್ವಾಧೀನದಾರರ ಹೆಸರುಗಳಿರುತ್ತವೆ. ಹೀಗೆ ಒಂದರೊಳಗೊಂದು ಅಡಕವಾದ ಮಾಹಿತಿಯು ಸಂಯುಕ್ತ ದತ್ತಾಂಶವಾಗಿದೆ. 2001ರ ಎಕ್ಸ್‌ಎಂಎಲ್ ಸ್ಕೀಮಾ ಮಾನದಂಡವು ಈ ಎರಡು ಬಗೆಗಳನ್ನು ಪ್ರತ್ಯೇಕವಾಗಿ ವಿವರಿಸುತ್ತದೆ.

3. ಡೈನಮಿಕ್ ಕರೆ

ಸಾಮಾನ್ಯವಾಗಿ ಸೇವೆಯ ರಚನೆಯನ್ನು ತಂತ್ರಾಂಶದಲ್ಲಿ ಮೊದಲೇ ಅಳವಡಿಸಲಾಗಿರುತ್ತದೆ. ಡೈನಮಿಕ್ ಕರೆಯಲ್ಲಿ ತಂತ್ರಾಂಶವು ಕರೆ ಮಾಡುವ ಸಮಯದಲ್ಲಿಯೇ ಡಬ್ಲ್ಯುಎಸ್‌ಡಿಎಲ್ ಎಂಬ ಸೇವಾ ವಿವರಣಾ ಕಡತವನ್ನು ಓದಿ, ಯಾವ ಭಾಗವು ಯಾವ ಕ್ರಮದಲ್ಲಿ, ಎಷ್ಟು ಬಾರಿ ಬರಬಹುದೆಂದು ತಿಳಿದು ಕೋರಿಕೆಯನ್ನು ರಚಿಸುತ್ತದೆ. ಸೇವೆ ಬದಲಾದಾಗ ಹೊಂದಿಕೊಳ್ಳುವುದು ಸುಲಭವಾದರೂ, ಸಂಯುಕ್ತ ದತ್ತಾಂಶವನ್ನು ಸರಳ ಪಠ್ಯದಂತೆ ಪರಿಗಣಿಸಿದಲ್ಲಿ ಈ ಕೆಳಕಂಡ ತಪ್ಪುಗಳು ಸಂಭವಿಸುತ್ತವೆ.

4. ಸಂಭವನೀಯ ತಪ್ಪುಗಳು

ಅ) ವಿಸ್ತೀರ್ಣ: ಒಂದು ಎಕರೆಗೆ 40 ಗುಂಟೆ. 2 ಎಕರೆ 20 ಗುಂಟೆ ಎಂದರೆ ಎರಡೂವರೆ ಎಕರೆ. ಇದನ್ನು 2.20 ಎಂಬ ದಶಮಾಂಶವಾಗಿ ಓದಿದರೆ 2 ಎಕರೆ 8 ಗುಂಟೆ ಎಂದಾಗಿ, ಅರ್ಜಿದಾರರ ಲೆಕ್ಕದಲ್ಲಿ 12 ಗುಂಟೆ ಕಡಿಮೆಯಾಗುತ್ತದೆ. ಎಕರೆ ಮತ್ತು ಗುಂಟೆಗಳಿಗೆ ಪ್ರತ್ಯೇಕ ಕೋಷ್ಠಕಗಳನ್ನು ನೀಡಲು ಇದೇ ಕಾರಣ.

ಆ) ಜಂಟಿ ಖಾತೆ: ಹೆಸರುಗಳ ಪಟ್ಟಿಯನ್ನು ಒಂದೇ ಹೆಸರೆಂದು ಭಾವಿಸಿದ ತಂತ್ರಾಂಶವು ಮೊದಲನೆಯದನ್ನು ಮಾತ್ರ ಸ್ವೀಕರಿಸಿ ಉಳಿದವರನ್ನು ಬಿಟ್ಟುಬಿಡಬಹುದು. ಸಹೋದರರ ಜಂಟಿ ಖಾತೆಯಲ್ಲಿ ಕಿರಿಯರು ಅರ್ಜಿ ಸಲ್ಲಿಸಿದಾಗ ‘ಹೆಸರು ಹೊಂದಾಣಿಕೆಯಾಗುತ್ತಿಲ್ಲ’ ಎಂಬ ಉತ್ತರ ಬರಲು ಇದೂ ಒಂದು ಕಾರಣವಾಗಬಹುದು.

ಇ) ನಕ್ಷತ್ರ ಚಿಹ್ನೆ: ಸರ್‌ನೋಕ್ ಅಥವಾ ಹಿಸ್ಸಾ ಇಲ್ಲದಿರುವಲ್ಲಿ ಪಹಣಿಯಲ್ಲಿ * ಚಿಹ್ನೆ ಇರುತ್ತದೆ. ಇದು ‘ಇಲ್ಲ’ ಎಂಬ ಖಚಿತ ಮಾಹಿತಿ. ಖಾಲಿ ಬಿಟ್ಟ ಜಾಗವಲ್ಲ. ಇದನ್ನು ಕೈಬಿಟ್ಟರೆ ದಾಖಲೆ ದೊರೆಯದೇ ಹೋಗಬಹುದು.

5. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ಅರ್ಜಿ ಸಲ್ಲಿಸುವ ಮುನ್ನ ಇತ್ತೀಚಿನ ಪಹಣಿ ಪ್ರತಿಯನ್ನು ಮುಂದಿಟ್ಟುಕೊಂಡು, ಪರದೆಯ ಮೇಲೆ ತಾನಾಗಿ ಮೂಡಿದ ವಿಸ್ತೀರ್ಣ, ಹಿಸ್ಸಾ ಹಾಗೂ ಎಲ್ಲ ಜಂಟಿ ಖಾತೆದಾರರ ಹೆಸರುಗಳನ್ನು ತಾಳೆ ನೋಡತಕ್ಕದ್ದು.

• ಒಂದು ಕೋಷ್ಠಕದಲ್ಲಿ ಒಂದೇ ವಿವರವನ್ನು ನಮೂದಿಸತಕ್ಕದ್ದು. ಸರ್ವೆ ನಂಬರ್ ಮತ್ತು ಹಿಸ್ಸಾವನ್ನು ಕೂಡಿಸಿ ಬರೆಯಬಾರದು.

• ಪಹಣಿ ಸರಿಯಿದ್ದು ಪರದೆಯಲ್ಲಿ ಮಾತ್ರ ತಪ್ಪಿದ್ದರೆ ಅದು ಮಾಹಿತಿ ರವಾನೆಯ ದೋಷ. ಅಂತಹ ಅರ್ಜಿಯನ್ನು ಸಲ್ಲಿಸದೆ, ಪಹಣಿ ಪ್ರತಿಯೊಂದಿಗೆ ಅರ್ಜಿ ಸ್ವೀಕರಿಸುವ ಕಛೇರಿಯ ಗಮನಕ್ಕೆ ತರುವುದು. ಇದಕ್ಕಾಗಿ ಪಹಣಿ ತಿದ್ದುಪಡಿ ಕೋರುವ ಅಗತ್ಯವಿರುವುದಿಲ್ಲ.

• ಪಹಣಿಯಲ್ಲಿಯೇ ತಪ್ಪಿದ್ದರೆ, ಸಂಬಂಧಪಟ್ಟ ತಾಲ್ಲೂಕಿನ ತಹಶೀಲ್ದಾರರ ಕಛೇರಿಗೆ ಪೂರಕ ದಾಖಲೆಗಳೊಂದಿಗೆ ತಿದ್ದುಪಡಿ ಅರ್ಜಿ ಸಲ್ಲಿಸುವುದು.

• ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಹಾಗೂ ಪರದೆಯಲ್ಲಿ ಕಂಡ ದೋಷ ಸಂದೇಶವನ್ನು ಬರೆದಿಟ್ಟುಕೊಂಡಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.